ಸುಧನ್ವನಿಗೆ ಕೊಪ್ಪರಿಗೆ, ಮುಖ್ಯ ಅತಿಥಿಗೆ ಶಾಲು

ಯಕ್ಷಗಾನದ ಟಿಕೆಟ್ ಮೇಲೆ ಸಂಜೆ 6.30 ಅಂತ ಅಚ್ಚಾಗಿತ್ತು. ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ವೇಷದವರು ಆಗಲೇ ಬಣ್ಣ ಮುಗಿಸಿ ಕೂತಿದ್ದರು, ನಾನೇ ಇಣುಕಿ ನೋಡಿ ಬಂದಿದ್ದೆ. ಭಾಗವತರು ಬಂದಿದ್ದರು, ಚೆಂಡೆ ಬಂದಿತ್ತು, ಜನ ಬಂದಿದ್ದರು, ಚಳಿಯೂ ಬಂದಿತ್ತು. ಬಾರದೆ ಇದ್ದವರು ಮುಖ್ಯ ಅತಿಥಿಗಳು ಮಾತ್ರ. ಅವರು ಬಂದಿದ್ದು 7.20ಕ್ಕೆ. ಆಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಕೊನೆಗೆ "ನಾನು ಜಾಸ್ತಿ ಮಾತಾಡುವುದಿಲ್ಲ" ಅಂತ ಶುರು ಮಾಡಿದ ಇಪ್ಪತ್ತೈದು ನಿಮಿಷದ ಭಾಷಣ. ಆಟ ಶುರುವಾದಾಗ 8.10.

ಅವತ್ತಿನ ಪ್ರಸಂಗ ಯಾವುದು ಗೊತ್ತಾ? ಸುಧನ್ವಾರ್ಜುನ. ಕಥೆ ಗೊತ್ತಿಲ್ಲದವರಿಗೆ ಎರಡು ಸಾಲು ಹೇಳುತ್ತೇನೆ. ಪಾಂಡವರ ಯಾಗದ ಕುದುರೆಯನ್ನು ಕಟ್ಟಿಹಾಕಿದ ಹಂಸಧ್ವಜ ರಾಜ ಯುದ್ಧಕ್ಕೆ ಡಂಗುರ ಹೊಡೆಸುತ್ತಾನೆ. ಹೊತ್ತಿಗೆ ಸರಿಯಾಗಿ ಬಾರದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತೇನೆ ಅನ್ನುತ್ತಾನೆ. ತಡವಾಗಿ ಬರುವವನು ಅವನ ಸ್ವಂತ ಮಗ ಸುಧನ್ವ. ಮಗ ಅಂತ ಬಿಡುವುದಿಲ್ಲ, ಹಾಕಿಸುತ್ತಾನೆ. ತಡ ಮಾಡಿದವರಿಗೆ ಏನು ಮಾಡಬೇಕು ಅನ್ನುವ ಈ ಕಥೆಯನ್ನು ನೋಡಲು ಬಂದ ನಾವು, ಅದಕ್ಕೂ ಮೊದಲು ಒಂದು ಗಂಟೆ ನಲವತ್ತು ನಿಮಿಷ, ತಡ ಮಾಡಿದವರಿಗೆ ಕಾದು ಅವರಿಗೆ ಶಾಲು ಹೊದಿಸುವುದನ್ನು ನೋಡಿದೆವು.

ಹಂಸಧ್ವಜನ ವೇಷ ಹಾಕಿದವರು ಸುಮ್ನೆ ಬಿಡಲಿಲ್ಲ. ಯಕ್ಷಗಾನದಲ್ಲಿ ಹಾಡು ಬರೆದಿಟ್ಟದ್ದು, ಮಾತು ಆಯಾ ಕಲಾವಿದರದ್ದೇ ಅಲ್ವಾ. "ಹೊತ್ತಿಗೆ ಬಾರದವನು ಮಗನಾದರೇನು, ಮಂತ್ರಿಯಾದರೇನು, ಹಾರ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತವನಾದರೇನು" ಅಂದುಬಿಟ್ಟರು. ಏನು ಶಿಳ್ಳೆ, ಏನು ಚಪ್ಪಾಳೆ! ಬೇಜಾರೆಂದರೆ ಆ ಹೊತ್ತಿಗೆ ಮುಂದಿನ ಸಾಲಿನ ಸೋಫಾ ಖಾಲಿಯಾಗಿತ್ತು. ಅತಿಥಿಗಳು ಇನ್ನೊಂದು ಕಾರ್ಯಕ್ರಮ ಇದೆ ಅಂತ ಎದ್ದು ಹೋಗಿದ್ದರು.

ಸರಿ, ಈಗ ಮೊದಲಿನಿಂದ ಹೇಳುತ್ತೇನೆ. ಇದು ನಮ್ಮ ಚಿಕ್ಕಮಗಳೂರಿನ ಒಂದು ರಂಗತಂಡ ಡಿಸೆಂಬರ್ 26ರಿಂದ 29ರವರೆಗೆ ನಡೆಸಿದ ವರ್ಷದ ಕೊನೆಯ ಪ್ರದರ್ಶನಗಳ ಬಗ್ಗೆ. ನಾಲ್ಕೂ ದಿನ ಮನೆಮಂದಿಯೆಲ್ಲ ಹೋಗಿ ಕೂತು ನೋಡಿದ್ದೇವೆ, ಸ್ವಂತ ದುಡ್ಡು ಕೊಟ್ಟು. ತಂಡದ ಹೆಸರು ಬರೆಯುವುದಿಲ್ಲ. ಊರಿನವರಿಗೆ ಗೋಡೌನ್ ಅಂದ ಕೂಡಲೇ ಗೊತ್ತಾಗುತ್ತದೆ. ಬೈದಿರುವುದು ಸ್ವಲ್ಪ ಜಾಸ್ತಿಯೇ ಇದೆ, ಮುಂದಿನ ವರ್ಷವೂ ನಾನು ಅಲ್ಲೇ ಹೋಗಿ ಕೂರಬೇಕು.

ವರ್ಷದ ಕೊನೇ ವಾರ ಈ ಊರು ನಮ್ಮದಾಗಿರುವುದಿಲ್ಲ. ಹನುಮಂತಪ್ಪ ವೃತ್ತ ದಾಟಲು ಕಾಲು ಗಂಟೆ ಬೇಕು. ಕೈಮರದ ಚೆಕ್‌ಪೋಸ್ಟಿನ ಹತ್ತಿರ ಕಾರುಗಳ ಸಾಲು, ಮುಳ್ಳಯ್ಯನಗಿರಿ ನೋಡಲು ಬಂದವರು ಅರ್ಧ ದಿನ ಮುಂದಿನ ಕಾರಿನ ನಂಬರ್ ಪ್ಲೇಟ್ ನೋಡಿಕೊಂಡು ವಾಪಸ್ ಹೋಗುತ್ತಾರೆ. ಹೋಂಸ್ಟೇಗಳಲ್ಲಿ ಬೆಂಕಿ ಹಾಕಿಕೊಂಡು ಹಾಡು, ಕುಣಿತ. ಊರಿನವರಿಗೆ ಏನಿದೆ ಹೇಳಿ? ತೋಟದವರು ಅರೇಬಿಕಾ ಕೊಯ್ಲಿನಲ್ಲಿ ಮುಳುಗಿರುತ್ತಾರೆ. ಕಾನ್ವೆಂಟ್ ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಅಂದರೆ ಮೊಬೈಲು. ಅದಕ್ಕೇ "ರಜೆಗೆ ನಾಲ್ಕು ಸಂಜೆ, ಮಕ್ಕಳಿಗೂ ದೊಡ್ಡವರಿಗೂ" ಅನ್ನುವ ಪೋಸ್ಟರ್ ನೋಡಿದಾಗ ನಾನು ಹಿಂದೆ ಮುಂದೆ ನೋಡದೆ ಪಾಸ್ ತಗೊಂಡೆ.

ಪಾಸಿನ ಲೆಕ್ಕ ಸ್ವಲ್ಪ ನೋಡಿ. ದೊಡ್ಡವರಿಗೆ ದಿನಕ್ಕೆ 150 ರೂಪಾಯಿ, 14ರೊಳಗಿನ ಮಕ್ಕಳಿಗೆ 50. ನಾಲ್ಕು ಜನಕ್ಕೆ ನಾಲ್ಕು ದಿನದ ಕುಟುಂಬ ಪಾಸ್ 1,200. "ನಾನೂರು ರೂಪಾಯಿ ಉಳಿತಾಯ" ಅಂತ ದೊಡ್ಡದಾಗಿ ಹಾಕಿದ್ದರು. ಆದರೆ ಭಾನುವಾರದ ನಾಟಕ ದೊಡ್ಡವರಿಗೆ ಮಾತ್ರ, ಮಕ್ಕಳನ್ನು ಒಳಗೆ ಬಿಡುವುದೇ ಇಲ್ಲ. ಹಾಗಿರುವಾಗ ಅವತ್ತಿನ ಮಕ್ಕಳ ಟಿಕೆಟನ್ನೂ ಕೂಡಿಸಿ ಉಳಿತಾಯ ತೋರಿಸಿದರೆ ಹೇಗೆ? ನಿಜವಾದ ಉಳಿತಾಯ ಮುನ್ನೂರು. ನೂರು ರೂಪಾಯಿಯ ಮಾತಲ್ಲ, ಆದರೂ ಲೆಕ್ಕ ಲೆಕ್ಕವೇ. ಅದಕ್ಕಿಂತ ನನಗೆ ಚುಚ್ಚಿದ್ದು ಇನ್ನೊಂದು. ಕುಟುಂಬ ಅಂದರೆ ಅಪ್ಪ, ಅಮ್ಮ, ಎರಡು ಮಕ್ಕಳು ಅಂತ ಯಾರು ತೀರ್ಮಾನ ಮಾಡಿದ್ದು? ನಮ್ಮತ್ತೆ ಎಲ್ಲಿ ಹೋಗಬೇಕು? ಅವರಿಗೆ ಬೇರೆಯಾಗಿ 600 ಕೊಟ್ಟೆ. ಹಿರಿಯರಿಗೆ ರಿಯಾಯಿತಿ ಇಲ್ಲವಾ ಅಂತ ಕೇಳಿದರೆ ಕೌಂಟರಿನ ಹುಡುಗ ಪಾಪ, "ಅದು ನಮಗೆ ಹೊಳೆಯಲೇ ಇಲ್ಲ ಮೇಡಂ" ಅಂದ. ಸುಳ್ಳು ಹೇಳಲಿಲ್ಲವಲ್ಲ, ಅಷ್ಟಕ್ಕೆ ಸುಮ್ಮನಾದೆ.

ಜಾಗದ ಬಗ್ಗೆ ಹೇಳಬೇಕು, ಯಾಕೆಂದರೆ ಅರ್ಧ ಖುಷಿ ಅಲ್ಲೇ ಇದೆ. ಹಿಂದೆ ಅದು ಕಾಫಿ ಗೋಡೌನ್. ದಪ್ಪ ಗೋಡೆ, ಎತ್ತರದ ತಗಡಿನ ಮಾಡು, ಒಳಗೆ ಹೆಚ್ಚೆಂದರೆ ಇನ್ನೂರು ಕುರ್ಚಿ. ಚೀಲ ಇಡುವುದು ನಿಂತು ಎಷ್ಟು ವರ್ಷ ಆಗಿದೆಯೋ, ಬಾಗಿಲು ಮುಚ್ಚಿದರೆ ಈಗಲೂ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಒಣ ವಾಸನೆ ಮೂಗಿಗೆ ಬರುತ್ತದೆ. ಎದುರಿಗೆ ಕಾಫಿ ಒಣಗಿಸುತ್ತಿದ್ದ ಕಣ. ಯಕ್ಷಗಾನ ನಡೆದದ್ದು ಆ ಕಣದಲ್ಲೇ, ಬಯಲಿನಲ್ಲಿ. ಯಾವ ಮೂಲೆಯಲ್ಲಿ ಕೂತರೂ ಕಲಾವಿದರ ಕಣ್ಣು ಕಾಣುತ್ತದೆ, ಅದೇ ಇದರ ದೊಡ್ಡ ಗುಣ. ಇನ್ನು ಗುಣವಲ್ಲದ್ದು. ಕುರ್ಚಿ ಕಬ್ಬಿಣದ್ದು, ಡಿಸೆಂಬರ್ ರಾತ್ರಿ ಅದರ ಮೇಲೆ ಕೂರುವುದು ಒಂದು ಶಿಕ್ಷೆ. ನಾವು ಎರಡನೇ ದಿನದಿಂದ ಮನೆಯಿಂದಲೇ ಕಂಬಳಿ ಮಡಚಿ ಒಯ್ದೆವು. ಹೆಂಗಸರಿಗೆ ಇರುವುದು ಎರಡೇ ಶೌಚಾಲಯ, ಮಧ್ಯಂತರ ಹತ್ತು ನಿಮಿಷ. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಕಾಫಿ ವಿಷಯವೂ ಹೇಳಿಬಿಡುತ್ತೇನೆ. ಮೊದಲ ದಿನ ಮೆಷಿನ್ ಕಾಫಿ ಇಟ್ಟಿದ್ದರು. ಕಾಫಿ ಗೋಡೌನಿನಲ್ಲಿ ಕೂತು, ಸುತ್ತ ಕಾಫಿ ಗಿಡ ಇರುವ ಊರಿನಲ್ಲಿ, ಬಟನ್ ಒತ್ತಿದರೆ ಬರುವ ನೊರೆ ಕುಡಿಯುವುದು! ಜನ ಅಲ್ಲೇ ಗೊಣಗಿದರು ಅನಿಸುತ್ತದೆ. ಶನಿವಾರ ನೋಡಿದರೆ ಮೆಷಿನ್ ಇಲ್ಲ. ಒಬ್ಬರು ಹಂಡೆಯಲ್ಲಿ ಬೆಲ್ಲದ ಕಾಫಿ ಕಾಯಿಸುತ್ತಿದ್ದರು, 15 ರೂಪಾಯಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಆ ಬೆಲ್ಲದ ಕಾಫಿಗೆ ನನ್ನ ಕಡೆಯಿಂದ ಪೂರ್ತಿ ಅಂಕ.

ಮೊದಲ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಂಪನಿ ನಾಟಕದ ಧಾಟಿಯ ಹಾಸ್ಯ ನಾಟಕ, "ಕುಟುಂಬ ಸಮೇತ ನಕ್ಕು ನಲಿಯಿರಿ" ಅಂತ ಪ್ರಚಾರ. ಪರದೆಗಳು ಚೆನ್ನಾಗಿದ್ದವು. ಅರಮನೆ, ಕಾಡು, ಬೀದಿ ಎಲ್ಲ ಕೈಯಲ್ಲೇ ಬರೆಸಿದ್ದರು. ಹಾರ್ಮೋನಿಯಂ ನುಡಿಸಿದವರು ಇನ್ನೂ ಚೆನ್ನಾಗಿದ್ದರು. ಪರದೆ ನೋಡಿ ನಮ್ಮತ್ತೆಗೆ ಅವರಪ್ಪ ಹೇಳುತ್ತಿದ್ದ ಗುಬ್ಬಿ ಕಂಪನಿಯ ಕಥೆಗಳೆಲ್ಲ ನೆನಪಾದವು. 1884ರಲ್ಲಿ ಹುಟ್ಟಿದ ಕಂಪನಿ ಅದು, ರಾಜ್‌ಕುಮಾರ್, ಬಿ.ವಿ. ಕಾರಂತರಂಥವರು ಚಿಕ್ಕ ವಯಸ್ಸಿನಲ್ಲಿ ಬಣ್ಣ ಹಚ್ಚಿದ ಜಾಗ. ಆ ಕಾಲದ ಪರದೆಯನ್ನು ತಂದವರು ಆ ಕಾಲದ ಮಾತನ್ನು ತರಲಿಲ್ಲ. ಪ್ರತಿ ಎರಡನೇ ಮಾತಿಗೂ ಡಬಲ್ ಮೀನಿಂಗ್. ಹಿಂದಿನ ಸಾಲಿನ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಹದಿಮೂರು ವರ್ಷದ ಮಗಳು ನೆಲ ನೋಡುತ್ತಾ ಕೂತಿದ್ದಳು. ಏಳು ವರ್ಷದ ಮಗ ಜೋರಾಗಿ, "ಅಮ್ಮಾ, ಅದರಲ್ಲಿ ನಗೋದೇನಿದೆ?" ಅಂತ ಕೇಳಿದ. ನನಗೂ ಅದೇ ಪ್ರಶ್ನೆ ಇತ್ತು. ಇದು ಪೋಸ್ಟರಿನಲ್ಲಿ "ಎಲ್ಲರಿಗೂ" ಅಂತ ಇದ್ದ ನಾಟಕ, ಇದನ್ನು ನೆನಪಿಟ್ಟುಕೊಳ್ಳಿ.

ಶನಿವಾರ ನಾಲ್ಕು ಗಂಟೆಗೆ ತೊಗಲುಗೊಂಬೆಯಾಟ ಇತ್ತು. ಅದು ಹೇಳಿದ ಹೊತ್ತಿಗೆ ಶುರುವಾಯಿತು, ಯಾಕೆಂದರೆ ಅದಕ್ಕೆ ಯಾವ ಅತಿಥಿಯನ್ನೂ ಕರೆದಿರಲಿಲ್ಲ. ಗೋಡೌನಿನ ಕಿಟಕಿಗಳಿಗೆ ಗೋಣಿ ಕಟ್ಟಿ ಕತ್ತಲು ಮಾಡಿದ್ದರು. ಒಂದು ಬಿಳಿ ಪಂಚೆ ಎಳೆದು ಕಟ್ಟಿದ ಪರದೆ, ಹಿಂದೆ ಒಂದು ದೀಪ, ಒಂದೇ ಮನೆಯ ನಾಲ್ಕು ಜನ. ಗಂಡ ಗೊಂಬೆ ಆಡಿಸುತ್ತಾರೆ, ಹೆಂಡತಿ ಹಾಡುತ್ತಾರೆ, ಮಗ ಮದ್ದಳೆ, ಸೊಸೆ ತಾಳ. ಆಡಿನ ಚರ್ಮ ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಹೆರೆದು, ಕೊರೆದು ಬಣ್ಣ ಹಾಕಿದ ಗೊಂಬೆಗಳು. ಕೆಲವು ಕಡೆ ದೊಡ್ಡ ಗೊಂಬೆಗಳಿವೆ, ಇವು ಚಿಕ್ಕವು. ಅವತ್ತು ಹನುಮಂತ ಲಂಕೆ ಸುಟ್ಟ ಕಥೆ. ಬಾಲಕ್ಕೆ ಬೆಂಕಿ ಹತ್ತಿದ ಕೂಡಲೇ ಗೊಂಬೆಯನ್ನು ದೀಪದ ಹತ್ತಿರಕ್ಕೆ ಎಳೆದರು, ಪರದೆಯ ತುಂಬ ಹನುಮಂತನೇ ಆದ. ಮಕ್ಕಳು ಕಿರುಚಿದ್ದು ರಸ್ತೆಗೆ ಕೇಳಿಸಿರಬೇಕು.

ಆದರೆ ನಿಜವಾದ ಹೀರೋ ಕಿಳ್ಳೇಕ್ಯಾತ. ಗೊಂಬೆಯಾಟದ ಕೋಡಂಗಿ ಅವನು, ಕರ್ರಗೆ, ಡೊಳ್ಳು ಹೊಟ್ಟೆ, ಜೊತೆಗೆ ಜಗಳಗಂಟಿ ಹೆಂಡತಿ ಬಂಗಾರಕ್ಕ. ಇಬ್ಬರೂ ಬಂದು ಹೋಂಸ್ಟೇ ಬಾಡಿಗೆ, ಆಟೋ ಬಾಡಿಗೆ, ಅತ್ತೆ ಸೊಸೆ ಜಗಳ ಎಲ್ಲ ಆಡಿಹೋದರು. ಬೈಗುಳ ಇತ್ತು, ಗುದ್ದಾಟ ಇತ್ತು, ಆದರೂ ಯಾರೂ ನೆಲ ನೋಡಲಿಲ್ಲ. ಮಗ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಹಿಂದೆಲ್ಲ ಮಳೆ ಬಾರದಿದ್ದರೆ ಊರವರು ಗೊಂಬೆ ಆಡಿಸುತ್ತಿದ್ದರು, ರಾತ್ರಿಯೆಲ್ಲ. ಅದನ್ನು ಆಟ ಮುಗಿದ ಮೇಲೆ ಆ ಅಮ್ಮನೇ ಹೇಳಿದರು. ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದು ಗೊಂಬೆಯನ್ನು ಕೈಗೇ ಕೊಟ್ಟರು. ಮಗನ ಕೈಗೆ ಜಾಂಬವಂತ ಸಿಕ್ಕಿದ. ಇಡೀ ನಾಲ್ಕು ದಿನದಲ್ಲಿ ಕೊಟ್ಟ ದುಡ್ಡಿಗೆ ಎರಡರಷ್ಟು ಸಿಕ್ಕಿದ ಜಾಗ ಇದು. ನೋಡಲು ಬಂದಿದ್ದವರು ಎಷ್ಟು ಜನ? ಐವತ್ತು. ಪೋಸ್ಟರಿನಲ್ಲಿ ಇದನ್ನು ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ ಹಾಕಿದ್ದರು, ಮುಖ್ಯ ಅತಿಥಿಗಳ ಹೆಸರು ಎಲ್ಲಕ್ಕಿಂತ ದೊಡ್ಡದಾಗಿತ್ತು.

ಅದಾದ ಮೇಲೆ ಕಣದಲ್ಲಿ ಯಕ್ಷಗಾನ. ಶುರುವಾಗುವ ಮೊದಲಿನ ಕಥೆ ಆಗಲೇ ಹೇಳಿದೆ. ಶುರುವಾದ ಮೇಲೆ? ಒಂದೇ ಮಾತು, ಬೈದದ್ದೆಲ್ಲ ಮರೆತೆ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟು ಮಳೆಗಾಲ ಬರುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ, ಡಿಸೆಂಬರ್ ಅಂದರೆ ಕಲಾವಿದರಿಗೆ ಒಳ್ಳೆ ಕಾವು ಹತ್ತಿರುವ ಕಾಲ. ಇದು ಬಡಗುತಿಟ್ಟಿನ (ಉತ್ತರದ ಶೈಲಿಯ) ಕಾಲಮಿತಿ ಆಟ, ಅಂದರೆ ಬೆಳಗಿನ ತನಕ ಅಲ್ಲ, ಮೂರೂವರೆ ಗಂಟೆಯಲ್ಲಿ ಮುಗಿಯುವಂಥದ್ದು. ಸುಧನ್ವನ ಕಥೆ ಜೈಮಿನಿ ಭಾರತದಲ್ಲಿದೆ, ಅದನ್ನು ಬರೆದ ಲಕ್ಷ್ಮೀಶನನ್ನು ನಾವು ಕಡೂರು ತಾಲ್ಲೂಕಿನ ದೇವನೂರಿನವನು ಅಂತಲೇ ಹೇಳಿಕೊಳ್ಳುವುದು. ಹಾಗಾಗಿ ಇದು ಒಂಥರಾ ಮನೆಯ ಕಥೆ.

ಕೊಪ್ಪರಿಗೆಗೆ ಏನು ಮಾಡಿದ್ದರು ಗೊತ್ತಾ? ನಿಜವಾದ ಅಡಿಕೆ ಬೇಯಿಸುವ ಹಂಡೆ ತಂದಿಟ್ಟಿದ್ದರು. ಕೊಪ್ಪದ ಕಡೆಯಿಂದ ಯಾರದ್ದೋ ಮನೆಯಿಂದ ತಂದದ್ದಂತೆ, ಸುಗ್ಗಿ ನಡೆಯುವಾಗ ಹಂಡೆ ಬಿಟ್ಟುಕೊಟ್ಟವರು ದೊಡ್ಡ ಮನಸ್ಸಿನವರೇ ಇರಬೇಕು. ಒಳಗಿಂದ ಕೆಂಪು ಬೆಳಕು, ಲೋಬಾನದ ಹೊಗೆ. ಎಣ್ಣೆ ಕಾದಿದೆಯೋ ಇಲ್ಲವೋ ಅಂತ ಶಂಖ, ಲಿಖಿತ ಅನ್ನುವ ಪುರೋಹಿತರು ತೆಂಗಿನಕಾಯಿ ಹಾಕಿ ನೋಡುತ್ತಾರೆ, ಕಾಯಿ ಸಿಡಿದು ಅವರ ತಲೆಗೇ ಬಡಿಯುತ್ತದೆ. ಈ ಜಾಗದಲ್ಲಿ ಹಾಸ್ಯಗಾರರು ಕಾಲು ಗಂಟೆ ಆಡಿಸಿದರು. ಪುರೋಹಿತರು ಮೊದಲು ಹಂಡೆಯ ಬಾಡಿಗೆ ವಿಚಾರಿಸಿದರು, ಆಮೇಲೆ ಎಣ್ಣೆಯ ರೇಟು, ಆಮೇಲೆ ಕಾಯಿಯ ರೇಟು. "ಕಾಯಿ ಈಗ ಇರುವ ರೇಟಿಗೆ ರಾಜಕುಮಾರನನ್ನೇ ಹಾಕಿ ನೋಡುವುದು ಅಗ್ಗ" ಅಂದಾಗ ನಮ್ಮನೆಯವರು ಕೈಯಲ್ಲಿದ್ದ ಬಜ್ಜಿ ಬೀಳಿಸಿಕೊಂಡರು. ಅದೇ ಹತ್ತು ನಿಮಿಷ ಕಳೆದು ಸುಧನ್ವ ಹರಿನಾಮ ಹೇಳುತ್ತಾ ಹಂಡೆಗೆ ಇಳಿದಾಗ ಕಣದಲ್ಲಿ ಒಂದು ಕೆಮ್ಮು ಇಲ್ಲ.

ಮಗಳು ಮಧ್ಯದಲ್ಲಿ ಕೇಳಿದಳು, ಸುಧನ್ವ ಯಾಕೆ ಲೇಟ್ ಆದ ಅಂತ. ಹೆಂಡತಿ ಪ್ರಭಾವತಿ ಬಿಡಲಿಲ್ಲ, ಯುದ್ಧಕ್ಕೆ ಹೋಗುವ ಮೊದಲು ತನಗೊಂದು ಮಗು ಬೇಕು ಅಂದಳು, ಅದಕ್ಕೇ ತಡ ಆಯ್ತು. ಇದನ್ನು ಆಟದಲ್ಲಿ ಎಷ್ಟು ಚೆನ್ನಾಗಿ, ಒಂದೂ ಕೆಟ್ಟ ಮಾತಿಲ್ಲದೆ, ಎರಡು ಪದ್ಯದಲ್ಲಿ ದಾಟಿಸಿದ್ದರೆಂದರೆ, ಹೇಳುವುದಕ್ಕೆ ನನಗೂ ಮುಜುಗರ ಆಗಲಿಲ್ಲ, ಕೇಳುವುದಕ್ಕೆ ಅವಳಿಗೂ ಆಗಲಿಲ್ಲ. ಹಿಂದಿನ ದಿನದ ನಾಟಕ ಬರೆದವರು ಬಂದು ಹಿಂದಿನ ಸಾಲಿನಲ್ಲಿ ಕೂತು ನೋಡಬೇಕಿತ್ತು.

ಇಷ್ಟು ಚೆನ್ನಾಗಿದ್ದ ಆಟವನ್ನು ಅರ್ಧ ಜನ ಪೂರ್ತಿ ನೋಡಲಿಲ್ಲ. ಒಂಬತ್ತೂಕಾಲಿಗೆ ಆಲ್ದೂರು, ಮೂಡಿಗೆರೆ ಕಡೆಯವರು ಒಬ್ಬೊಬ್ಬರಾಗಿ ಎದ್ದರು. ಬಸ್ಸು ತಪ್ಪಿದರೆ ಮತ್ತೇನಿದೆ ಹೇಳಿ, ಆ ವಾರ ಆಟೋದವರು ಹೇಳಿದ್ದೇ ರೇಟು. ನನ್ನ ಪಕ್ಕದಲ್ಲಿ ಒಬ್ಬರು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಹುಡುಗ ಅಳುತ್ತಿದ್ದ. ಸುಧನ್ವ ಇನ್ನೂ ಹಂಡೆಗೆ ಇಳಿದಿರಲಿಲ್ಲ. ಬೆಂದನೋ ಉಳಿದನೋ ಗೊತ್ತಾಗದೆ ಆ ಮಗು ಆಲ್ದೂರಿಗೆ ಹೋಯಿತು. ನನಗೆ ಕೋಪ ಬಂದದ್ದು ಇದಕ್ಕೆ. ಸನ್ಮಾನ ಬೇಡ ಅನ್ನುವುದಿಲ್ಲ, ದುಡ್ಡು ಕೊಟ್ಟವರನ್ನು ನೆನೆಯಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ನಾಟಕವೇ ಇರುವುದಿಲ್ಲ, ಅಷ್ಟು ತಿಳಿಯದವಳಲ್ಲ. ಆದರೆ ಅದಕ್ಕೆ ಬೇಕಾದ ಹೊತ್ತನ್ನು ಬಸ್ಸಿಗೆ ಬಂದವರ ಪಾಲಿನಿಂದ ತೆಗೆಯುವುದು ಯಾವ ನ್ಯಾಯ? ಕಾರಿನಲ್ಲಿ ಬಂದವರಿಗೆ ಹತ್ತಾದರೂ ಒಂದೇ, ಹನ್ನೊಂದಾದರೂ ಒಂದೇ. ಇದನ್ನೇ ಬಾಗಿಲಲ್ಲಿ ಇಟ್ಟಿದ್ದ ಅಭಿಪ್ರಾಯದ ಪುಸ್ತಕದಲ್ಲಿ ಒಂದು ಪುಟ ಬರೆದೆ. ನನಗಿಂತ ಮೊದಲೇ ಹತ್ತು ಜನ ಅದನ್ನೇ ಬರೆದಿದ್ದರು, ಒಬ್ಬರಂತೂ ಒಂದೇ ಸಾಲು: "ಅತಿಥಿಗಳಿಗೆ ಹಂಡೆ ತೋರಿಸಿ."

ಭಾನುವಾರ ದೊಡ್ಡವರ ನಾಟಕ, ಗಿರೀಶ ಕಾರ್ನಾಡರ ನಾಗಮಂಡಲ, 1988ರ ನಾಟಕ. ಇಲ್ಲಿ ತಂಡದವರಿಗೆ ಒಂದು ದೊಡ್ಡ ಶಹಬ್ಬಾಸ್. ಮಕ್ಕಳನ್ನು ಒಳಗೆ ಬಿಡುವುದಿಲ್ಲ ಅಂತ ಸುಮ್ಮನೆ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಮಕ್ಕಳಿಗೆ ಅಂತಲೇ ಜಾಗ ಮಾಡಿ, ಗೊಂಬೆಯಾಟದ ಆ ಮನೆಯವರನ್ನೇ ಉಳಿಸಿಕೊಂಡು, ರಟ್ಟಿನಲ್ಲಿ ಗೊಂಬೆ ಮಾಡಿಸಿದರು. ಬರುವಾಗ ಹೆಸರು, ಫೋನ್ ನಂಬರ್ ಬರೆಸಿಕೊಂಡು ಮಗುವಿನ ಕೈಗೆ ಒಂದು ದಾರ, ನಮ್ಮ ಕೈಗೆ ಅದೇ ಬಣ್ಣದ ದಾರ ಕಟ್ಟಿದರು. ಒಂದೇ ತೊಂದರೆ, ಗೋಡೌನಿಗೂ ಶೆಡ್ಡಿಗೂ ನಡುವೆ ತಗಡಿನ ಬಾಗಿಲು. ನಾಟಕದ ನಾಯಕಿ, ರಾಣಿ ಅನ್ನುವವಳು, ಹುತ್ತದ ಮುಂದೆ ನಿಂತ ಗಳಿಗೆಯಲ್ಲಿ ಆ ಕಡೆಯಿಂದ ಮೂವತ್ತು ಮಕ್ಕಳು ಒಟ್ಟಿಗೆ "ಹನುಮಂತಾ!" ಅಂದರು. ರಾಣಿಯ ಪಾತ್ರದ ಹುಡುಗಿ ಅಲುಗಾಡಲಿಲ್ಲ. ಅವಳಿಗೆ ಆ ಒಂದು ಕ್ಷಣಕ್ಕೇ ನಾನು ಅಭಿಮಾನಿ.

ನಾಟಕ ಶುರುವಾಗುವುದೇ ಒಬ್ಬ ನಾಟಕಕಾರನಿಂದ. ಅವನ ನಾಟಕ ನೋಡಿ ಜನ ಎಷ್ಟು ನಿದ್ದೆ ಮಾಡಿದ್ದಾರೆಂದರೆ, ಅದಕ್ಕೆ ಶಾಪವಾಗಿ, ಈಗ ಅವನು ಒಂದು ಇಡೀ ರಾತ್ರಿ ಎಚ್ಚರವಿರದಿದ್ದರೆ ಸಾಯುತ್ತಾನೆ. ನಮ್ಮ ಗೋಡೌನಿನಲ್ಲಿ ಆ ಕುರ್ಚಿ, ಆ ಚಳಿ ಇದ್ದರೆ ಅವನಿಗೆ ಯಾವ ಭಯವೂ ಇರುತ್ತಿರಲಿಲ್ಲ. ಅವನು ಕೂತ ಪಾಳುಗುಡಿಗೆ ಊರಿನ ಮನೆಗಳ ದೀಪಗಳೆಲ್ಲ ಬಂದು ಹರಟೆ ಹೊಡೆಯುವ ದೃಶ್ಯ ಇದೆ. ಏಳು ಹುಡುಗಿಯರು, ಕೈಯಲ್ಲಿ ಎಣ್ಣೆ ದೀಪ, ಬೇರೆ ಒಂದೂ ಲೈಟ್ ಇಲ್ಲ, ಎತ್ತರದ ಮಾಡಿನ ತುಂಬ ಅವರ ನೆರಳು. ನಾನು ದೊಡ್ಡ ಊರಿನ ದೊಡ್ಡ ರಂಗಮಂದಿರದಲ್ಲೂ ಇದೇ ನಾಟಕ ನೋಡಿದ್ದೇನೆ, ಈ ದೃಶ್ಯ ಇಷ್ಟು ಹತ್ತಿರ ಬಂದಿರಲಿಲ್ಲ. ಅಪ್ಪಣ್ಣನ ಪಾತ್ರ ಮಾತ್ರ ನನಗೆ ಹಿಡಿಸಲಿಲ್ಲ. ಹಗಲು ಬಂದು ಉಂಡು, ಹೆಂಡತಿ ರಾಣಿಯನ್ನು ಕೂಡಿಹಾಕಿ ಬೀಗ ಜಡಿಯುವ ಗಂಡನೂ ಅವನೇ, ರಾತ್ರಿ ಅವನ ರೂಪದಲ್ಲಿ ಬರುವ ನಾಗನೂ ಅವನೇ. ಆ ನಟ ಗಂಡನಾದಾಗ ಕಿರುಚಿದರು, ನಾಗನಾದಾಗ ಪಿಸುಗುಟ್ಟಿದರು, ಅಷ್ಟೇ ವ್ಯತ್ಯಾಸ. ಮೈ ಬದಲಾಗಲಿಲ್ಲ.

ಮನೆಗೆ ಬರುವಾಗ ನಮ್ಮನೆಯವರು ಕಾರಿನಲ್ಲಿ ಕೇಳಿದರು, "ರಾಣಿಗೆ ಅದು ತನ್ನ ಗಂಡ ಅಲ್ಲ ಅಂತ ಗೊತ್ತಿತ್ತೋ ಇಲ್ಲವೋ?" ನಾನು ಏನೋ ಹೇಳಲು ಹೊರಟೆ. ಹಿಂದೆ ಕೂತಿದ್ದ ಅತ್ತೆ, "ಹಗಲೆಲ್ಲ ಗುರ್ ಅನ್ನೋನು ರಾತ್ರಿ ತಲೆ ನೇವರಿಸಿದ್ರೆ ಯಾವ ಹೆಂಡ್ತಿಗೆ ಗೊತ್ತಾಗಲ್ಲವೋ ಮಾರಾಯ" ಅಂದರು. ಕಾರಿನಲ್ಲಿ ಎರಡು ನಿಮಿಷ ಮಾತಿಲ್ಲ. ಆಮೇಲೆ ಅವರೇ ಮುಂದುವರಿಸಿದರು, ಇದು ಅವರಜ್ಜಿ ಅಡುಗೆಮನೆಯಲ್ಲಿ ಹೇಳುತ್ತಿದ್ದ ಥರದ ಕಥೆಯಂತೆ. ಮಕ್ಕಳಿಗೆ ಕೈತುತ್ತು ಹಾಕುತ್ತಾ ಹೇಳುತ್ತಿದ್ದರಂತೆ, ಒಲೆಯ ಹತ್ತಿರ ಕೂತ ಹೆಂಗಸರು ತಮ್ಮಷ್ಟಕ್ಕೆ ನಗುತ್ತಿದ್ದರಂತೆ. "ಆಗ ನಮ್ಮನ್ನ ಯಾರೂ ಎದ್ದು ಹೋಗಿ ಅನ್ನಲಿಲ್ಲ." ನಾಟಕಕ್ಕೂ ಮೂಲ ಇಂಥ ಜನಪದ ಕಥೆಗಳೇ, ಕಾರ್ನಾಡರಿಗೆ ಅವನ್ನು ಹೇಳಿದವರು ಎ.ಕೆ. ರಾಮಾನುಜನ್. ನಾನು ಮಾತ್ರ ಮಗಳನ್ನು ಶೆಡ್ಡಿನಲ್ಲಿ ಬಿಟ್ಟು ಬಂದದ್ದಕ್ಕೆ ಹೊಟ್ಟೆ ಉರಿದುಕೊಂಡೆ. ಚಿಕ್ಕವನಿಗೆ ಬೇಡ, ಸರಿ. ಹದಿಮೂರರವಳು ಶುಕ್ರವಾರದ್ದನ್ನು ನೋಡಬಹುದು, ಇದನ್ನು ನೋಡಬಾರದು ಅಂದರೆ ಆ ಹಲಗೆ ಬರೆದವರು ಎರಡೂ ನಾಟಕ ನೋಡಿಲ್ಲ ಅಂತಲೇ ಅರ್ಥ. ಮುಂದಿನ ಸಲ "ದೊಡ್ಡವರಿಗೆ ಮಾತ್ರ" ಅನ್ನುವ ಬದಲು "12 ದಾಟಿದವರು ದೊಡ್ಡವರ ಜೊತೆ ಬರಬಹುದು" ಅಂತ ಹಾಕಲಿ.

ಸೋಮವಾರ 29ನೇ ತಾರೀಖು, ಕುವೆಂಪು ಹುಟ್ಟಿದ ದಿನ. 1904ರಲ್ಲಿ ಅವರು ಹುಟ್ಟಿದ್ದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅದು ಅವರ ತಾಯಿಯ ತವರು. ಕುಪ್ಪಳಿ ಅಂತ ಎಲ್ಲರೂ ಶಿವಮೊಗ್ಗ ಜಿಲ್ಲೆಗೆ ಬರೆದುಕೊಟ್ಟುಬಿಡುತ್ತಾರೆ, ನಮಗೂ ಸ್ವಲ್ಪ ಪಾಲಿದೆ. ಹಾಗಾಗಿ ಕೊನೇ ದಿನ ಮಕ್ಕಳಿಗೆ ಬೊಮ್ಮನಹಳ್ಳಿಯ ಕಿಂದರಿಜೋಗಿ. ಪದ್ಯವನ್ನು ಹೆಚ್ಚು ಕೆಡಿಸದೆ ಹಾಗೆಯೇ ಆಡಿದ್ದರು. ಜರ್ಮನಿಯ ಯಾವುದೋ ಊರಿನ ಇಲಿ ಕಥೆ, ಇಂಗ್ಲಿಷಿನ ಬ್ರೌನಿಂಗ್ ಕೈಯಿಂದ ಕುವೆಂಪು ಕೈಗೆ ಬಂದು, ತುಂಗೆಯ ದಡದ ಹಳ್ಳಿಯೇ ಆಗಿಹೋಗಿದೆ, ಮಕ್ಕಳಿಗೆ ಹೇಳಿದರೂ ನಂಬುವುದಿಲ್ಲ. ಇದರ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿ ನಂಬಿ, ಯಾಕೆಂದರೆ ನನ್ನ ಮಗನೂ ಅದರಲ್ಲಿ ಇಲಿ. ಭಾನುವಾರ ಶೆಡ್ಡಿನಲ್ಲಿ ಇದ್ದಾಗ "ಇಲಿ ಸಾಲದು" ಅಂತ ಯಾರೋ ಬಂದು ಹತ್ತು ಮಕ್ಕಳನ್ನು ಆರಿಸಿದರಂತೆ. ಒಂದು ಗಂಟೆ ಅಭ್ಯಾಸ, ಗೋಣಿಚೀಲದ ಅಂಗಿ, ಹಗ್ಗದ ಬಾಲ. ಒಟ್ಟು ಅರವತ್ತು ಇಲಿ. ನನ್ನವನು ಎಡಗಡೆಯಿಂದ ಬರುವ ಮೂರನೇ ಗುಂಪಿನಲ್ಲಿ, ಹಿಂದೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಅವತ್ತು ರಜೆ ಇರಲಿಲ್ಲ, ಡಿಸೆಂಬರಿನಲ್ಲಿ ಅವರಿಗೆ ಸಿಗುವುದು 25ರ ಒಂದು ದಿನ. ಅದು ಗೊತ್ತಿದ್ದೂ ಸೋಮವಾರ ಇಟ್ಟಿದ್ದರು, ತಾರೀಖು ಬಿಡುವ ಹಾಗಿಲ್ಲವಲ್ಲ. ಆದರೆ ಸಂಜೆ ಐದೂವರೆಗೆ ಇಟ್ಟು, ಯೂನಿಫಾರ್ಮಿನಲ್ಲಿ ಮೇಷ್ಟ್ರ ಜೊತೆ ಬಂದವರನ್ನು ಟಿಕೆಟ್ ಇಲ್ಲದೆ ಮುಂದೆ ಜಮಖಾನದ ಮೇಲೆ ಕೂರಿಸಿದರು. ಮುಂದಿನ ಸಾಲಿನ ಸೋಫಾ ಅವತ್ತು ಹಿಂದಕ್ಕೆ ಹೋಗಿತ್ತು. ನೋಡಿ ಎಷ್ಟು ಸಮಾಧಾನವಾಯಿತು! ಗೌಡ ಕೊಟ್ಟ ಮಾತಿಗೆ ತಪ್ಪಿ ಜೋಗಿಗೆ ಹಣ ಇಲ್ಲ ಅಂದಾಗ ಜಮಖಾನದಿಂದ ಒಬ್ಬ ಹುಡುಗ ಎದ್ದು ನಿಂತು "ಕೊಡ್ರೀ ಗೌಡ್ರೇ" ಅಂತ ಕೂಗಿದ. ಕೊನೆಗೆ ಮಕ್ಕಳೆಲ್ಲ ಕಿಂದರಿಯ ಹಿಂದೆ ಹೋಗಿ, ಒಬ್ಬ ಕುಂಟ ಹುಡುಗ ಮಾತ್ರ ಖಾಲಿ ರಂಗದ ಮೇಲೆ ಉಳಿದಾಗ ಅದೇ ಹುಡುಗ ಮೇಷ್ಟ್ರ ಮಡಿಲಿಗೆ ಸರಿದುಕೊಂಡಿದ್ದ.

ನಾಟಕ ಶುರುವಾದದ್ದು 5.40ಕ್ಕೆ. ಅಭಿಪ್ರಾಯದ ಪುಸ್ತಕ ಯಾರೋ ಓದಿದ್ದಾರೆ. ವೇದಿಕೆ ಕಾರ್ಯಕ್ರಮವನ್ನು ನಾಟಕದ ನಂತರಕ್ಕೆ ಹಾಕಿದ್ದರು, ಇರುವವರು ಇರಿ, ಬಸ್ಸಿಗೆ ಹೋಗುವವರು ಹೋಗಿ ಅಂತ ಮೈಕಿನಲ್ಲೇ ಹೇಳಿದರು. ನಾನು ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದೆ. ಆಗ ನಿರೂಪಕಿ, "ಈಗ ನಮ್ಮ ಮುಖ್ಯ ಅತಿಥಿಗಳಿಂದ ಎಲ್ಲ ಇಲಿಗಳಿಗೂ ಪ್ರಮಾಣಪತ್ರ" ಅಂದರು.

ಅರವತ್ತು ಇಲಿ. ಒಂದೊಂದಾಗಿ ಹೆಸರು ಕರೆದು, ಕೈ ಕುಲುಕಿ, ಫೋಟೋಗೆ ನಿಲ್ಲಿಸಿ. ನನ್ನವನ ಹೆಸರು ಐವತ್ತೆರಡನೆಯದು. ನಾನು ಮೊಬೈಲ್ ಹಿಡಿದುಕೊಂಡು ಮುಂದಕ್ಕೆ ಓಡಿ, ಅತಿಥಿಗಳಿಗೆ "ಸಾರ್, ಇನ್ನೊಂದು ಸಲ, ಈ ಕಡೆ ನೋಡಿ" ಅಂದೆ. ತಿರುಗಿ ಬಂದಾಗ ಅತ್ತೆ ಕೈಗಡಿಯಾರ ನೋಡಿ, ಆಮೇಲೆ ನನ್ನ ಮುಖ ನೋಡಿದರು. ನಾನು ಬೆಲ್ಲದ ಕಾಫಿ ಇನ್ನೂ ಇದೆಯಾ ನೋಡಿ ಬರುತ್ತೇನೆ ಅಂತ ಹೊರಗೆ ಹೋದೆ.